‘ಕೂಡದು’ ಎಂಬ ಮಾತನ್ನು ಕಾಪಾಡಿದವರು ಯಾರು?

ಪ್ರಶಸ್ತಿಗಳ ಸುದ್ದಿ ಒಂದು ದಿನ ಪತ್ರಿಕೆಯ ಮೊದಲ ಪುಟದಲ್ಲಿ ಬಂದು ಮರುದಿನವೇ ಮರೆಯಾಗುತ್ತದೆ. ಪ್ರಶಸ್ತಿ ಪಡೆದವರು ಆ ಸಂದರ್ಭದಲ್ಲಿ ಮಾಡಿದ ಭಾಷಣವನ್ನು ಕುಳಿತು ಓದುವವರು ಕಡಿಮೆ. ಅಂಥ ಎರಡು ಭಾಷಣಗಳನ್ನು ಇಂದು ಒಟ್ಟಿಗಿಟ್ಟು ನಿಮ್ಮೊಡನೆ ಓದಬೇಕೆಂದಿದ್ದೇನೆ. ಒಂದನ್ನು 2005ರ ಡಿಸೆಂಬರ್ 8ರಂದು ಸ್ಟಾಕ್‌ಹೋಮ್ ನಗರದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಮಾಡಿದರು. ಇನ್ನೊಂದನ್ನು 2024ರ ಡಿಸೆಂಬರ್ 10ರಂದು ಓಸ್ಲೋ ನಗರದಲ್ಲಿ ಜಪಾನಿನ ತೆರುಮಿ ತನಾಕ ಮಾಡಿದರು. ಮೊದಲನೆಯವರು ಯುದ್ಧತಂತ್ರದ ಪಂಡಿತರು. ಎರಡನೆಯವರು ಬಾಂಬು ಬಿದ್ದ ಊರಿನಲ್ಲಿ ಬದುಕುಳಿದವರು. ಇಬ್ಬರ ಮುಂದೆಯೂ ಇದ್ದ ವಿಷಯ ಒಂದೇ: 1945ರ ಆಗಸ್ಟ್ 9ರ ನಂತರ ಯಾವ ದೇಶವೂ ಯುದ್ಧದಲ್ಲಿ ಅಣ್ವಸ್ತ್ರವನ್ನು ಬಳಸಿಲ್ಲ. ಇದು ಹೇಗೆ ಸಾಧ್ಯವಾಯಿತು?

ಶೆಲ್ಲಿಂಗ್ (1921–2016) ಅವರಿಗೆ ದೊರೆತದ್ದು ಶಾಂತಿ ಪ್ರಶಸ್ತಿಯಲ್ಲ. ಆಲ್‌ಫ್ರೆಡ್ ನೊಬೆಲ್ ಸ್ಮಾರಕ ಅರ್ಥಶಾಸ್ತ್ರ ಪ್ರಶಸ್ತಿ. ಅದನ್ನು ಅವರು ರಾಬರ್ಟ್ ಔಮನ್ ಅವರೊಡನೆ ಹಂಚಿಕೊಂಡರು. ಘರ್ಷಣೆ ಮತ್ತು ಸಹಕಾರಗಳನ್ನು ‘ಗೇಮ್ ಥಿಯರಿ’ ಎಂಬ ಶಾಸ್ತ್ರದ ಮೂಲಕ ಅರ್ಥಮಾಡಿಸಿದ್ದಕ್ಕಾಗಿ ಬಂದ ಮನ್ನಣೆ ಅದು. 1960ರಲ್ಲಿ ಪ್ರಕಟವಾದ ‘ದಿ ಸ್ಟ್ರಾಟಜಿ ಆಫ್ ಕಾನ್‌ಫ್ಲಿಕ್ಟ್’ ಎಂಬ ಗ್ರಂಥದಿಂದ ಅವರು ಪ್ರಸಿದ್ಧರಾದರು. ಎದುರಾಳಿಯನ್ನು ಹೊಡೆದು ಸೋಲಿಸುವುದಕ್ಕಿಂತ, ಅವನು ನಾವು ಬಯಸದ ಕೆಲಸವನ್ನು ಮಾಡದಂತೆ ಹೆದರಿಸಿ ತಡೆಯುವುದೇ ಅಣ್ವಸ್ತ್ರ ಯುಗದ ಯುದ್ಧತಂತ್ರವೆಂದು ಅವರು ಕಲಿಸಿದರು. ಅದಕ್ಕೊಂದು ಹೋಲಿಕೆಯನ್ನೂ ಕೊಟ್ಟರು: ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಇಬ್ಬರು ಪ್ರಪಾತದ ಅಂಚಿನಲ್ಲಿದ್ದಾರೆ. ಒಬ್ಬನು ಅಂಚಿಗೆ ಇನ್ನಷ್ಟು ಸರಿದು ಕಾಲು ಜಾರುವ ಅಪಾಯವನ್ನು ಹೆಚ್ಚಿಸುತ್ತಾನೆ. ಬಿದ್ದರೆ ಇಬ್ಬರೂ ಬೀಳುವುದರಿಂದ ಇನ್ನೊಬ್ಬನು ಮಣಿಯುತ್ತಾನೆ ಎಂಬುದೇ ಲೆಕ್ಕ.

ಇಂಥ ಪಂಡಿತರು ಪ್ರಶಸ್ತಿ ಪಡೆದ ಸಂದರ್ಭದಲ್ಲಿ ತಮ್ಮ ತಂತ್ರದ ಗೆಲುವನ್ನು ಸಾರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ‘ಬೆರಗಿನ ಅರುವತ್ತು ವರ್ಷಗಳು: ಹಿರೋಶಿಮದ ಬಳುವಳಿ’ ಎಂಬ ಅರ್ಥದ ಶೀರ್ಷಿಕೆಯಿಟ್ಟು, ಸೂತ್ರಗಳೊಂದೂ ಇಲ್ಲದ ಸರಳ ಮಾತಿನಲ್ಲಿ, ನಡೆಯದೇ ಹೋದ ಒಂದು ಘಟನೆಯನ್ನು ಕುರಿತು ಮಾತನಾಡಿದರು. ಹತ್ತು ವರ್ಷಗಳೊಳಗೆ ಕೆಲವು ಬಾಂಬುಗಳಾದರೂ ಸಿಡಿಯುವುದು ಖಂಡಿತವೆಂದು ಇಂಗ್ಲಿಷ್ ಲೇಖಕ ಸಿ. ಪಿ. ಸ್ನೋ 1960ರಲ್ಲಿ ನುಡಿದಿದ್ದನ್ನು ನೆನಪಿಸಿದರು. ಅಣ್ವಸ್ತ್ರಕ್ಕೂ ಇತರ ಆಯುಧಗಳಿಗೂ ಭೇದವೆಣಿಸುವುದೇ ತಪ್ಪೆಂದು ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲಸ್ 1953ರಲ್ಲಿ ವಾದಿಸಿದ್ದನ್ನು ತೋರಿಸಿದರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಅದನ್ನು ಬಂದೂಕಿನ ಗುಂಡಿಗೆ ಹೋಲಿಸಿ ಮಾತನಾಡಿದ್ದರು. ಆದರೆ 1964ರ ಹೊತ್ತಿಗೆ ಅಧ್ಯಕ್ಷ ಜಾನ್ಸನ್ ಅವರು, ಸಾಮಾನ್ಯ ಅಣ್ವಸ್ತ್ರವೆಂಬುದೇ ಇಲ್ಲ, ಅದರ ಬಳಕೆಯ ತೀರ್ಮಾನ ಬೇರೆಯೇ ಬಗೆಯದು ಎನ್ನುವಂತಾಯಿತು. ಈ ಹತ್ತು ವರ್ಷಗಳಲ್ಲಿ ಲೋಕದಲ್ಲಿ ಏನೋ ಒಂದು ಬದಲಾಗಿತ್ತು.

ಶೆಲ್ಲಿಂಗ್ ಅವರ ಭಾಷಣದ ಬಲವಾದ ಭಾಗ ಇಲ್ಲಿಂದ ಮುಂದಿದೆ. ಬದಲಾದದ್ದು ಕೇವಲ ಭಯದಿಂದಲೇ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ‘ಅವರ ಬಳಿ ಬಾಂಬು, ಇವರ ಬಳಿ ಬಾಂಬು, ಆದ್ದರಿಂದ ಇಬ್ಬರೂ ಸುಮ್ಮನಿದ್ದಾರೆ’ ಎಂಬುದು ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲೂ ಕೇಳಿಬರುವ ಮಾತು. ಆದರೆ ವಿಯೆಟ್ನಾಮಿನಲ್ಲಿ ಅಮೆರಿಕ ಸೋತಿತು, ಆದರೂ ಅಣ್ವಸ್ತ್ರವನ್ನು ಬಳಸಲಿಲ್ಲ. ಆಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಹಿಮ್ಮೆಟ್ಟಿತು, ಅದೂ ಬಳಸಲಿಲ್ಲ. 1973ರಲ್ಲಿ ಇಸ್ರೇಲ್ ಸಂಕಟದಲ್ಲಿದ್ದಾಗಲೂ ಬಳಸಲಿಲ್ಲ. ಈ ರಣರಂಗಗಳಲ್ಲಿ ಎದುರು ನಿಂತವರ ಕೈಯಲ್ಲಿ ಬಾಂಬು ಇರಲಿಲ್ಲ. ಹಾಗಾದರೆ ಪ್ರತಿದಾಳಿಯ ಭಯವೊಂದೇ ಸಾಕಾದ ಕಾರಣವಲ್ಲ. ‘ಇದು ಕೂಡದು’ ಎಂಬ ಒಂದು ಅಲಿಖಿತ ನಿಷೇಧ ಬೆಳೆದು ನಿಂತಿದೆ. ಅದು ಕಾನೂನಿಗಿಂತ ಬಲವಾದದ್ದು, ಒಮ್ಮೆ ಮುರಿದರೆ ಮತ್ತೆ ಕಟ್ಟಲಾಗದ್ದು. ಹೆದರಿಕೆಯ ಶಾಸ್ತ್ರವನ್ನು ಬರೆದವರೇ ಹೆದರಿಕೆ ಸಾಲದೆಂದು ಒಪ್ಪಿಕೊಂಡದ್ದನ್ನು ನಾವು ಗೌರವಿಸಬೇಕು.

ಈ ನಿಷೇಧದ ಬಲವೆಲ್ಲ ಅದರ ಸ್ಪಷ್ಟತೆಯಲ್ಲಿದೆಯೆಂದು ಅವರು ತಿಳಿದಿದ್ದರು. ಕುಡಿತ ಬಿಟ್ಟವರಿರುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಸ್ವಲ್ಪ ಮಾತ್ರ’ ಎಂಬ ವ್ರತ ಉಳಿಯುವುದಿಲ್ಲ. ‘ಒಂದು ಹನಿಯೂ ಇಲ್ಲ’ ಎಂಬ ವ್ರತ ಉಳಿಯಬಲ್ಲದು. ಚಿಕ್ಕ ಬಾಂಬಾದರೆ ಪರವಾಗಿಲ್ಲ, ಸೇನೆಯ ಮೇಲಾದರೆ ಪರವಾಗಿಲ್ಲ ಎನ್ನುತ್ತ ಹೋದರೆ ನಿಲ್ಲುವ ಜಾಗವೇ ಇರುವುದಿಲ್ಲ. ಆದ್ದರಿಂದಲೇ ಅಣ್ವಸ್ತ್ರ ಪರೀಕ್ಷೆಗಳ ಸಮಗ್ರ ನಿಷೇಧ ಒಪ್ಪಂದವನ್ನು ಅಮೆರಿಕದ ಸೆನೆಟ್ 1999ರಲ್ಲಿ ತಿರಸ್ಕರಿಸಿದ್ದಕ್ಕೆ ಅವರು ಅದೇ ಭಾಷಣದಲ್ಲಿ ವಿಷಾದಿಸಿದರು.

ಇಷ್ಟನ್ನು ಒಪ್ಪಿಕೊಂಡೂ ನನ್ನ ಆಕ್ಷೇಪವೊಂದು ಉಳಿಯುತ್ತದೆ. ನಿಷೇಧ ಬೆಳೆಯಿತು ಎಂದರು, ಬೆಳೆಸಿದವರು ಯಾರು? ಆ ಭಾಷಣದಲ್ಲಿ ಅಧ್ಯಕ್ಷರು, ಸಚಿವರು, ಲೇಖಕರು, ತಂತ್ರಜ್ಞರು ಬಂದು ಹೋಗುತ್ತಾರೆ. ಹಿರೋಶಿಮ ಶೀರ್ಷಿಕೆಯಲ್ಲಿದೆ, ಹಿರೋಶಿಮದ ಜನರಿಗೆ ಮಾತ್ರ ವಾದದೊಳಗೆ ಪಾತ್ರವಿಲ್ಲ. ಮಳೆ ಬಂದಿತು, ಬೆಳೆ ಬಂದಿತು ಎಂಬಂತೆ ಒಂದು ನೈತಿಕ ನಿಷೇಧವೂ ತಾನಾಗಿಯೇ ಬಂದಿತು, ಜೊತೆಗೆ ನಮ್ಮ ಅದೃಷ್ಟವೂ ಚೆನ್ನಾಗಿತ್ತು ಎಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಹಗ್ಗದ ಹೋಲಿಕೆಯಲ್ಲಿಯೂ ಇದೇ ಕೊರತೆ. ಹಗ್ಗದ ಎರಡು ತುದಿಗಳಲ್ಲಿ ಇಬ್ಬರು ಮಾತ್ರ ಕಾಣುತ್ತಾರೆ. ಅದೇ ಹಗ್ಗಕ್ಕೆ ಕಟ್ಟಲ್ಪಟ್ಟ ಕೋಟ್ಯಂತರ ಕುಟುಂಬಗಳನ್ನು ಕೇಳಿದವರು ಯಾರೂ ಇಲ್ಲ.

ಆ ಕೊರತೆಯನ್ನು ತುಂಬುವುದು ತನಾಕ ಅವರ ಭಾಷಣ. 2024ರ ಶಾಂತಿ ಪ್ರಶಸ್ತಿ ಸಂದದ್ದು ‘ನಿಹೋನ್ ಹಿದಾಂಕ್ಯೊ’ ಎಂಬ ಸಂಘಟನೆಗೆ. ಬಾಂಬಿನಿಂದ ನೊಂದು ಬದುಕುಳಿದ ‘ಹಿಬಾಕುಶ’ರು 1956ರ ಆಗಸ್ಟ್ 10ರಂದು ನಾಗಸಾಕಿಯಲ್ಲಿ ಸ್ಥಾಪಿಸಿದ ಸಂಘಟನೆ ಅದು. ಅದರ ಪರವಾಗಿ ಮಾತನಾಡಿದಾಗ ತನಾಕ ಅವರಿಗೆ 92 ವರ್ಷ. ಬಾಂಬು ಬಿದ್ದಾಗ 13. ಸ್ಫೋಟದ ಕೇಂದ್ರದಿಂದ ಸುಮಾರು ಮೂರು ಕಿಲೋಮೀಟರ್ ದೂರದ ಮನೆಯಲ್ಲಿ ಅವರಿದ್ದರು. ಮೂರು ದಿನಗಳ ನಂತರ ತಾಯಿಯೊಡನೆ ಬಂಧುಗಳನ್ನು ಹುಡುಕುತ್ತ ಹೋದರು. ಐವರನ್ನು ಕಳೆದುಕೊಂಡಿದ್ದರು. ಕಂಡ ಸಾವುಗಳನ್ನು ಮನುಷ್ಯರ ಸಾವು ಎನ್ನಲು ಸಾಧ್ಯವಿರಲಿಲ್ಲವೆಂದು ಅವರು ಹೇಳುತ್ತಾರೆ. ಆ ವರ್ಷ ಮುಗಿಯುವ ಹೊತ್ತಿಗೆ ಎರಡೂ ನಗರಗಳಲ್ಲಿ ಸತ್ತವರು ಸುಮಾರು 2,10,000.

ತನಾಕ ಅವರ ಭಾಷಣದಲ್ಲಿ ಅಲಂಕಾರವಿಲ್ಲ. ಸಂಘಟನೆಯ ಬೇಡಿಕೆಗಳು, ಇಸವಿಗಳು, ಸಹಿ ಸಂಗ್ರಹದ ಲೆಕ್ಕ ಇವೇ ಹೆಚ್ಚು. ಕೆಲವೆಡೆ ವಾರ್ಷಿಕ ವರದಿಯಂತೆಯೂ ಕೇಳಿಸುತ್ತದೆ. ಆದರೆ ಒಂದೆಡೆ ಅವರು ಬರೆದು ತಂದ ಪಠ್ಯವನ್ನು ಬಿಟ್ಟು, ಸತ್ತವರಿಗಾಗಿ ಜಪಾನ್ ಸರ್ಕಾರವು ಪರಿಹಾರವನ್ನೇ ನೀಡಿಲ್ಲವೆಂಬ ಮಾತನ್ನು ಮತ್ತೊಮ್ಮೆ ಹೇಳಿದರು. ಇಡೀ ಜಗತ್ತು ಸನ್ಮಾನಿಸುತ್ತಿದ್ದ ಗಳಿಗೆಯಲ್ಲೂ ತಮ್ಮ ದೇಶವು ಸತ್ತವರಿಗೆ ತೀರಿಸದ ಋಣವನ್ನು ಅವರು ಮರೆಯಲಿಲ್ಲ.

ಈಗ ಎರಡೂ ಭಾಷಣಗಳ ಇಸವಿಗಳನ್ನು ಜೊತೆಗಿಟ್ಟು ನೋಡಿ. ಯುದ್ಧಾನಂತರ ಅಮೆರಿಕದ ಅಧೀನದಲ್ಲಿದ್ದ ವರ್ಷಗಳಲ್ಲಿ ಹಿಬಾಕುಶರ ಮಾತಿಗೆ ಪತ್ರಿಕೆಗಳಲ್ಲಿ ಜಾಗವಿರಲಿಲ್ಲ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಪರೀಕ್ಷೆಯ ವಿಷಧೂಳಿಗೆ ಜಪಾನಿನ ಮೀನುಗಾರಿಕಾ ದೋಣಿಯೊಂದು ಸಿಕ್ಕಿತು. ಆಗ ಟೋಕಿಯೊದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಸಹಿ ಸಂಗ್ರಹಕ್ಕಿಳಿದರು. ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಸಹಿಗಳು ಕೂಡಿದವು. ವಾಷಿಂಗ್ಟನ್ನಿನಲ್ಲಿ ಬಾಂಬನ್ನು ಬಂದೂಕಿನ ಗುಂಡಿಗೆ ಹೋಲಿಸುತ್ತಿದ್ದ ಕಾಲವೂ ಅದೇ! ಶೆಲ್ಲಿಂಗ್ ಗುರುತಿಸಿದ ‘ಏನೋ ಒಂದು ಬದಲಾವಣೆ’ ನಡೆದ ವರ್ಷಗಳಲ್ಲಿ ಸುಟ್ಟ ಮೈಯ ಗುರುತುಗಳೊಡನೆ ಸಭೆಗಳ ಮುಂದೆ ನಿಂತು, ‘ನೋಡಿ, ಇದು ಗುಂಡಲ್ಲ’ ಎಂದು ತೋರಿಸಿದ ಮನುಷ್ಯರಿದ್ದರು. ಈ ನಿಷೇಧ ನೆಲೆಗೊಳ್ಳಲು ಅವರ ಸಾಕ್ಷ್ಯ ನೆರವಾಯಿತೆಂದು ನಾರ್ವೆಯ ನೊಬೆಲ್ ಸಮಿತಿಯು 2024ರಲ್ಲಿ ಒಪ್ಪಿಕೊಂಡಿತು. ಶೆಲ್ಲಿಂಗ್ ಬರೆದ ವಾಕ್ಯಕ್ಕೆ ಕರ್ತೃಪದ ದೊರೆತದ್ದು ಹತ್ತೊಂಬತ್ತು ವರ್ಷಗಳ ನಂತರ.

ಹಾಗೆಂದು ತನಾಕ ಅವರ ಭಾಷಣವು ಎಲ್ಲಕ್ಕೂ ಉತ್ತರ ಕೊಡುತ್ತದೆ ಎನ್ನಲಾರೆ. ಅಣ್ವಸ್ತ್ರಗಳಿಲ್ಲದ ಲೋಕದಲ್ಲಿ ಯುದ್ಧ ಬಂದರೆ ದೇಶಗಳು ಅವನ್ನು ಮತ್ತೆ ತಯಾರಿಸಲು ಓಡುವುದಿಲ್ಲವೇ ಎಂದು ಶೆಲ್ಲಿಂಗ್ 2009ರಲ್ಲಿ ಕೇಳಿದ್ದರು. ಆ ಪ್ರಶ್ನೆ ಕಠಿಣವಾದದ್ದು. ಸಾಕ್ಷ್ಯವೊಂದರಿಂದಲೇ ಅದು ಪರಿಹಾರವಾಗದು. ತಂತ್ರಜ್ಞರ ಜಾಣ್ಮೆಯೂ ನಮಗೆ ಬೇಕು. ಆದರೆ ಜಾಣ್ಮೆ ಯಾವುದನ್ನು ಕಾಯಬೇಕೆಂದು ಹೇಳಿಕೊಡುವವರು ನೊಂದವರು. ಈ ಕ್ರಮ ತಲೆಕೆಳಗಾದರೆ ಯುದ್ಧತಂತ್ರವು ಚದುರಂಗವಾಗಿಬಿಡುತ್ತದೆ.

ಕಥೋಲಿಕರಾದ ನಮಗೆ ಈ ವಿಷಯ ದೂರದ್ದಲ್ಲ. ನಾಗಸಾಕಿಯ ಬಾಂಬು ಸಿಡಿದದ್ದು ಉರಕಾಮಿ ಎಂಬ ಕ್ರೈಸ್ತರ ಬಡಾವಣೆಯ ಮೇಲೆ. ಸ್ವರ್ಗಾರೋಪಿತ ಮಾತೆ ಮರಿಯಮ್ಮನವರ ಹಬ್ಬದ ಸಿದ್ಧತೆಗಾಗಿ ಅಲ್ಲಿನ ಪ್ರಧಾನಾಲಯದಲ್ಲಿ ಇಬ್ಬರು ಗುರುಗಳು ಪಾಪನಿವೇದನೆ ಕೇಳುತ್ತಿದ್ದರು. ಒಳಗಿದ್ದವರೆಲ್ಲ ಸತ್ತರು. ಆ ಧರ್ಮಕೇಂದ್ರದ ಸುಮಾರು 12,000 ಭಕ್ತರಲ್ಲಿ 8,500 ಮಂದಿ ಸತ್ತರೆಂದು ಅಂದಾಜು. ವಿಮಾನ ಹೊರಟ ಟಿನಿಯನ್ ದ್ವೀಪದಲ್ಲಿ ಆ ಸೈನಿಕ ತುಕಡಿಯ ಕಥೋಲಿಕ ಗುರುವಾಗಿದ್ದವರು ಫಾದರ್ ಜಾರ್ಜ್ ಜಬೆಲ್ಕ. ಅಂದು ತಾನು ಸುಮ್ಮನಿದ್ದೆನೆಂದು ಅವರು ಮುಂದೆ ಜೀವನಪೂರ್ತಿ ಪಶ್ಚಾತ್ತಾಪಪಟ್ಟರು. ಧರ್ಮಸಭೆಯೂ ಹಂತಹಂತವಾಗಿಯೇ ಕಲಿತಿದೆ. ನಿರಸ್ತ್ರೀಕರಣದತ್ತ ಸಾಗುವ ಹಾದಿಯ ಒಂದು ಹೆಜ್ಜೆಯಾಗಿ ಮಾತ್ರ ಹೆದರಿಸಿ ತಡೆಯುವ ತಂತ್ರವನ್ನು ಒಪ್ಪಬಹುದೆಂದು ಜಗದ್ಗುರು ಎರಡನೇ ಜಾನ್ ಪಾಲ್ 1982ರಲ್ಲಿ ಹೇಳಿದ್ದರು. ಅಣ್ವಸ್ತ್ರವನ್ನು ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅನೈತಿಕವೆಂದು ಜಗದ್ಗುರು ಫ್ರಾನ್ಸಿಸ್ 2019ರ ನವೆಂಬರ್ 24ರಂದು ಹಿರೋಶಿಮದಲ್ಲಿ ನಿಂತು ಹೇಳಿದರು. ಈ ಎರಡು ಮಾತುಗಳ ನಡುವೆ ಕಾಯಲಾದ ಹೆಜ್ಜೆಗಳು ಬರಲೇ ಇಲ್ಲ.

ಇಲ್ಲಿ ನನ್ನದೂ ಒಂದು ನಿವೇದನೆಯಿದೆ. 1998ರ ಮೇ 11 ಮತ್ತು 13ರಂದು ಪೋಖ್ರಾನ್ ಪರೀಕ್ಷೆಗಳು ನಡೆದಾಗ ಬೀದಿಗಳಲ್ಲಿ ಸಿಹಿ ಹಂಚಿದರು. ನನ್ನ ಕೈಗೂ ಒಂದು ಲಾಡು ಬಂದಿತು, ತಿಂದೆ. ಗುರುಮಠದಲ್ಲಿ ನ್ಯಾಯಯುತ ಯುದ್ಧದ ಷರತ್ತುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದ ನಾನು, ಮುಂದಿನ ಭಾನುವಾರದ ಪ್ರಬೋಧನೆಯಲ್ಲಿ ಆ ವಿಷಯವಾಗಿ ಒಂದು ಮಾತೂ ಆಡಲಿಲ್ಲ. ದೇಶಪ್ರೇಮವಿಲ್ಲದವನೆಂದು ಯಾರಾದರೂ ತಿಳಿದಾರೆಂಬ ಅಳುಕು ನನಗಿತ್ತು. ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲವೆಂಬ ನೀತಿಯನ್ನು ಭಾರತವು 2003ರಲ್ಲಿ ಅಧಿಕೃತವಾಗಿ ಪ್ರಕಟಿಸಿತು. ಆ ‘ಕೂಡದು’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಬೇಕೆಂದು ಬಯಸುವುದು ದೇಶದ್ರೋಹವಲ್ಲ, ದೇಶದ ಮಕ್ಕಳ ಮೇಲಿನ ಪ್ರೀತಿ. 2025ರ ಮೇ 7ರಿಂದ 10ರವರೆಗೆ ಅಣ್ವಸ್ತ್ರಗಳುಳ್ಳ ಎರಡು ನೆರೆರಾಷ್ಟ್ರಗಳ ನಡುವೆ ಕ್ಷಿಪಣಿ, ಡ್ರೋನುಗಳು ಹಾರಾಡಿದಾಗ, ಸೈನ್ಯದಲ್ಲಿ ಮಕ್ಕಳಿರುವ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಗಡಿಯ ಆಚೆಗೂ ಅಂಥ ತಾಯಂದಿರು ಇದ್ದರು.

ಲೋಕದಲ್ಲಿ ಇಂದು ಒಂಬತ್ತು ದೇಶಗಳ ಬಳಿ ಸುಮಾರು 12,000 ಸಿಡಿತಲೆಗಳಿವೆ. ಅಮೆರಿಕ ಮತ್ತು ರಷ್ಯಗಳ ನಡುವಣ 2010ರ ಮಿತಿ ಒಪ್ಪಂದವನ್ನು ರಷ್ಯ 2023ರ ಫೆಬ್ರವರಿಯಲ್ಲಿ ಅಮಾನತಿನಲ್ಲಿಟ್ಟಿತು. ಅದಕ್ಕೆ ಗೊತ್ತುಪಡಿಸಿದ್ದ ಅವಧಿಯೂ 2026ರ ಫೆಬ್ರವರಿ 5ರವರೆಗೆ ಮಾತ್ರ. ಇತ್ತ 2025ರ ಮಾರ್ಚ್ ವೇಳೆಗೆ ಜಪಾನ್ ಸರ್ಕಾರದ ಪಟ್ಟಿಯಲ್ಲಿದ್ದ ಹಿಬಾಕುಶರ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ದಾಟಿತ್ತು. ಇನ್ನು ಹತ್ತು ವರ್ಷಗಳಲ್ಲಿ ಕಣ್ಣಾರೆ ಕಂಡು ಹೇಳುವವರು ಬೆರಳೆಣಿಕೆಯಷ್ಟೇ ಉಳಿದಾರು ಎಂದು ತನಾಕ ಓಸ್ಲೋದಲ್ಲಿ ಎಚ್ಚರಿಸಿದ್ದರು. ಕಂಡವರ ನೆನಪು ಕೇಳಿದವರ ನೆನಪಾಗದೆ ಹೋದರೆ ಆ ಕಟ್ಟಳೆಗೆ ಕಾವಲು ಇರುವುದಿಲ್ಲ.

2025ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಉರಕಾಮಿ ಪ್ರಧಾನಾಲಯದ ಎರಡು ಗೋಪುರಗಳ ಗಂಟೆಗಳು ಎಂಬತ್ತು ವರ್ಷಗಳ ನಂತರ ಮೊದಲ ಬಾರಿಗೆ ಒಟ್ಟಿಗೆ ಮೊಳಗಿದವು. ಬಾಂಬಿನಿಂದ ನಾಶವಾಗಿದ್ದ ಗಂಟೆಯ ಬದಲಿಗೆ ಹೊಸದೊಂದನ್ನು ಕಾಣಿಕೆಯಾಗಿ ಕೊಟ್ಟವರು ಅಮೆರಿಕದ ಕಥೋಲಿಕರು. ಅದಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಪ್ರಿಯ ಓದುಗರೇ, ಮುಂದಿನ ಆಗಸ್ಟ್ 9ರಂದು ನಿಮ್ಮ ಸಂಜೆಯ ಜಪಸರದಲ್ಲಿ ಉರಕಾಮಿಯ ಆ ಕುಟುಂಬಗಳನ್ನು ನೆನೆಯಿರಿ. ಯಾರು ಅವರು ಎಂದು ಮಕ್ಕಳು ಕೇಳುತ್ತಾರೆ. ಆಗ ಸುಮ್ಮನಿರಬೇಡಿ, ಹೇಳಿ. ನಾನೂ ಆ ಬಾರಿ ಪೂಜಾಪೀಠದಿಂದ ಹೇಳುತ್ತೇನೆ.