ಸುಟ್ಟ ಊರು ಮೊದಲು, ಕಟ್ಟಿದ ಊರು ಆಮೇಲೆ

ಯಾದಗಿರಿಯಲ್ಲಿ ರೈಲಿಳಿದವರು ಕೋಟೆಯನ್ನು ಹುಡುಕಬೇಕಾಗಿಲ್ಲ. ಊರ ನೆತ್ತಿಯ ಮೇಲೆಯೇ ಬೆಟ್ಟ, ಬೆಟ್ಟದ ತುಂಬ ಗೋಡೆ. ಶಹಾಪುರಕ್ಕೆ ಬಂದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು, ಅಲ್ಲೂ ಕೋಟೆ. ಎರಡೂ ನೋಡಿದ ತಕ್ಷಣ ಮನಸ್ಸಿಗೆ ಒಲಿಯುತ್ತವೆ. ಈ ವಾರ ನಾನು ಹೇಳಹೊರಟಿರುವುದು ಅಷ್ಟು ಬೇಗ ಒಲಿಯದ ವಾಗಿನಗೇರಾದ ಬಗ್ಗೆ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಸುರಪುರದ ಬಗ್ಗೆ. ಇವನ್ನು ಬೇರೆ ಬೇರೆ ತಾಣಗಳೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಬೆಂಕಿಗೆ ಹೋದ ಊರು ಒಂದು, ಅದೇ ಜನ ಮತ್ತೆ ಕಟ್ಟಿಕೊಂಡ ಊರು ಇನ್ನೊಂದು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗುವುದಿಲ್ಲ.

ಕತೆಯ ಬೇರು ಇನ್ನೂ ಹಿಂದಕ್ಕೆ, ಶಹಾಪುರದ ಹತ್ತಿರದ ಸಗರಕ್ಕೆ ಹೋಗುತ್ತದೆ. ಬೇಡರ ದೊರೆಗಳ ರಾಜಧಾನಿ ಮೊದಲು ಅಲ್ಲಿತ್ತು. ಔರಂಗಜೇಬ ವಿಜಾಪುರವನ್ನು ಮುತ್ತಿದಾಗ ಆದಿಲಶಾಹಿಗೆ ನೆರವು ಕಳಿಸಿದ ಪಾಮನಾಯಕನ ಮೇಲೆ ಮೊಗಲರ ಕಣ್ಣು ಬಿತ್ತು. 1687ರಲ್ಲಿ ಸಗರ ಕೈತಪ್ಪಿತು, ಅದರ ಹೆಸರನ್ನೂ ನುಸ್ರತಾಬಾದ್ ಎಂದು ಬದಲಿಸಿದರು. ಪಾಮನಾಯಕನ ನಂತರ ಬಂದ ಪಿಡ್ಡನಾಯಕ ಸ್ವಲ್ಪ ಕಾಲ ಮೊಗಲರ ಚಾಕರಿ ಮಾಡಿದ. ಆಮೇಲೆ ವಾಗಿನಗೇರಾಕ್ಕೆ ಬಂದು ಗೋಡೆ ಬಲಪಡಿಸಿಕೊಂಡ, ಬಂದೂಕಿನ ಬಂಟರನ್ನು ಕೂಡಿಸಿಕೊಂಡ.

ಬೀದರ, ಕಲಬುರಗಿಯ ಕೋಟೆಗಳನ್ನು ಕಂಡ ಕಣ್ಣಿಗೆ ವಾಗಿನಗೇರಾದ ಕಲ್ಲುಗೆಲಸ ಸಾದಾ ಅನ್ನಿಸುತ್ತದೆ. ಕೆತ್ತನೆಗಾಗಿ, ಎತ್ತರದ ಅಗಸಿಗಾಗಿ ಬಂದವರು ನಿರಾಶರಾಗಿ ಇಳಿಯುತ್ತಾರೆ. ಇಲ್ಲಿ ನೋಡಬೇಕಾದದ್ದು ಗೋಡೆಯನ್ನಲ್ಲ, ಗೋಡೆಯ ಮೇಲಿಂದ ಹೊರಗೆ. ಹುಡೇವಿನ ಹತ್ತಿರ ನಿಂತು ಸುತ್ತಲಿನ ಗುಡ್ಡಗಳ ಮೇಲೆ ಕಣ್ಣು ಹಾಯಿಸಿ. ಗುಡ್ಡ ನಮ್ಮವರ ಕೈಯಲ್ಲಿದ್ದರೆ ಅದು ಹೊರಗೋಟೆ, ಪರರ ಕೈಗೆ ಹೋದರೆ ತೋಪು ಹೂಡುವ ಕಟ್ಟೆ. ಬೆಟ್ಟದ ಬುಡದಲ್ಲಿ ಮಣ್ಣಿನ ಗೋಡೆಯೊಳಗೆ ತಳವಾರಗೇರಾ ಎಂಬ ಪೇಟೆ, ಹುಲ್ಲು ಹೊದಿಸಿದ ಮನೆಗಳು. 1705ರ ಮುತ್ತಿಗೆಯ ಇಡೀ ಕತೆ ನಡೆದದ್ದು ಈ ಗುಡ್ಡಗಳಿಗೂ ಈ ಪೇಟೆಗೂ ನಡುವೆ.

ಆ ವರ್ಷ ಫೆಬ್ರವರಿಯಲ್ಲಿ ಔರಂಗಜೇಬ ತಾನೇ ಬಂದ. ಆಗ ಅವನಿಗೆ ವಯಸ್ಸು ಎಂಬತ್ತೈದು ದಾಟಿತ್ತು. ದಖ್ಖನ್ನಿನ ದೊಡ್ಡ ದೊಡ್ಡ ಕೋಟೆಗಳನ್ನು ಬಗ್ಗಿಸಿದ ಬಾದಶಹನಿಗೆ ಈ ಬೇಡರ ಬೆಟ್ಟವೊಂದು ಸುಮ್ಮನೆ ಬಿಡಲಾಗದ ಮುಳ್ಳಾಗಿತ್ತು. ಕೋಟೆಯ ಸಮೀಪದ ಲಾಲ್ ಟೇಕಡಿ ಎಂಬ ಗುಡ್ಡವನ್ನು ಮೊಗಲರು ಒಂದು ಬೆಳಿಗ್ಗೆ ಹಿಡಿದರು. ಬೇಡರು ಕಾಲಾಳುಗಳ ಅಲೆಯಾಗಿ ಏರಿಬಂದು ಕಲ್ಲು, ಗುಂಡುಗಳ ಮಳೆ ಸುರಿಸಿ ಅವರನ್ನು ಕೆಳಗಿಳಿಸಿದರು. ಮಾರ್ಚ್ ಕೊನೆಗೆ ಮರಾಠಾ ಸರದಾರರಾದ ಧನಾಜಿ ಜಾಧವ್ ಮತ್ತು ಹಿಂದೂರಾವ್ ಐದಾರು ಸಾವಿರ ಕುದುರೆ ಸವಾರರೊಂದಿಗೆ ಬಂದರು. ವಾಗಿನಗೇರಾದಲ್ಲಿ ಆಶ್ರಯ ಪಡೆದಿದ್ದ ಮರಾಠಾ ಸರದಾರರ ಮನೆಮಂದಿಯನ್ನು ಒಂದು ಕಡೆ ಕಾಳಗ ನಡೆಯುತ್ತಿರುವಾಗ ಇನ್ನೊಂದು ಕಡೆಯಿಂದ ಸುರಕ್ಷಿತವಾಗಿ ಹೊರಗೆ ಸಾಗಿಸಿದರು. ಆ ಸವಾರರನ್ನು ಇನ್ನಷ್ಟು ದಿನ ನಿಲ್ಲಿಸಿಕೊಳ್ಳಲು ಪಿಡ್ಡನಾಯಕ ದಿನಕ್ಕೆ ಸಾವಿರಾರು ರೂಪಾಯಿ ಕೊಟ್ಟನಂತೆ.

ನಡುವೆ ಸಂಧಾನವೂ ನಡೆಯಿತು. ತಮ್ಮ ಸೋಮಸಿಂಹನನ್ನು ಬಾದಶಹನ ಪಾಳೆಯಕ್ಕೆ ಕಳಿಸಿ, ಶರಣಾಗುವ ಮಾತಾಡುತ್ತ ಪಿಡ್ಡನಾಯಕ ದಿನ ತಳ್ಳಿದ. ಅದರೊಳಗೆ ಮೊಗಲ್ ಸರದಾರ ಜುಲ್ಫಿಕರ್ ಖಾನ್ ಹೊಸ ಪಡೆಯೊಂದಿಗೆ ಬಂದು ಲಾಲ್ ಟೇಕಡಿಯನ್ನು ಮತ್ತೆ ಕಿತ್ತುಕೊಂಡ, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳನ್ನೂ ಹಿಡಿದ. ಬಾವಿ ಹೋದ ಮೇಲೆ ಬೇಸಗೆಯಲ್ಲಿ ಈ ಸೀಮೆಯ ಯಾವ ಬೆಟ್ಟವೂ ಹೆಚ್ಚು ದಿನ ನಿಲ್ಲದು. ಏಪ್ರಿಲ್ 27ರಂದು ತಳವಾರಗೇರಾದ ಮಣ್ಣಿನ ಗೋಡೆ ಬಿತ್ತು. ಅಂದು ರಾತ್ರಿ ನಾಯಕರು ಮನೆಗಳಿಗೆ ತಾವೇ ಬೆಂಕಿಯಿಟ್ಟು ಹಿಂದಿನ ದಾರಿಯಿಂದ ಹೊರಬಿದ್ದರು. ಮೊಗಲರು ಒಳಗೆ ಕಾಲಿಟ್ಟಾಗ ಸಿಕ್ಕಿದ್ದು ಉರಿಯುವ ಮನೆಗಳು, ನಡೆಯಲಾಗದೆ ಉಳಿದ ಕೆಲವರು. ಊರಿಗೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ.

ಮೂರು ತಿಂಗಳ ಈ ಮುತ್ತಿಗೆಯೇ ಔರಂಗಜೇಬನ ಕೊನೆಯ ದಂಡಯಾತ್ರೆ. ಗೆದ್ದ ಮೇಲೆ ಕೃಷ್ಣೆಗೆ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟ, ಅಲ್ಲೇ ಕಾಯಿಲೆ ಬಿದ್ದ. ಅಕ್ಟೋಬರ್‌ವರೆಗೆ ಏಳಲಾಗಲಿಲ್ಲ. ಪಲ್ಲಕ್ಕಿಯಲ್ಲಿ ಹೊರಟು 1706ರ ಜನವರಿಗೆ ಅಹ್ಮದ್‌ನಗರ ಸೇರಿದವನು ಮರುವರ್ಷ ಅಲ್ಲೇ ತೀರಿಕೊಂಡ. ಒಬ್ಬ ಬಾದಶಹನ ಕೊನೆಯ ಗೆಲುವು ನಮ್ಮ ಯಾದಗಿರಿ ಜಿಲ್ಲೆಯ ಒಂದು ಸಣ್ಣ ಬೆಟ್ಟದ ಮೇಲೆ ಆಯಿತೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ಒತ್ತಿ ಹೇಳುವುದಿಲ್ಲ. ಅದು ನನಗೆ ನೋವಿನ ಸಂಗತಿ.

ಈಗ ಸುರಪುರಕ್ಕೆ ಬನ್ನಿ. ಊರನ್ನು ಕಳಕೊಂಡ ಪಿಡ್ಡನಾಯಕ ಜನರನ್ನು ಕಳಕೊಂಡಿರಲಿಲ್ಲ. ಗುಡ್ಡಗಳ ನಡುವೆ ಬೋಗುಣಿಯಂತೆ ಕುಳಿತ ಈ ಜಾಗವನ್ನು ಆರಿಸಿ ಗೋಸಲ ಮನೆತನದ ಹೊಸ ರಾಜಧಾನಿ ಕಟ್ಟಿದ. ವಾಗಿನಗೇರಾದಿಂದ ನೇರ ಇಲ್ಲಿಗೆ ಬಂದವರಿಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅಲ್ಲಿ ಜನ ಬೆಟ್ಟದ ಮೇಲೆ, ಪೇಟೆ ಬಯಲಿನಲ್ಲಿ; ಹೊರಗೋಡೆ ಬಿದ್ದ ದಿನವೇ ಊರು ಬಿತ್ತು. ಇಲ್ಲಿ ಅರಮನೆ, ಗುಡಿ, ಓಣಿ, ಪೇಟೆ ಎಲ್ಲವೂ ಗುಡ್ಡದ ಮರೆಯಲ್ಲಿ. ಕಣಿವೆಯ ದಾರಿಗಳನ್ನು ಕಾದರೆ ಊರೆಲ್ಲ ಕಾದಂತೆ. ಸುಟ್ಟ ಊರಿನ ಪಾಠ ಕಲಿತವರ ಊರು ಇದು ಎಂಬುದು ನನ್ನ ಓದು. ದೊರೆಗಳ ಕಾಲದಲ್ಲಿ ಇಲ್ಲಿ ಬಂಗಾರದ ರೇಕು ಬಳಸಿದ ಚಿತ್ರಕಲೆ ಬೆಳೆಯಿತು. ವೇಣುಗೋಪಾಲಸ್ವಾಮಿಯ ಗುಡಿ, ಅದರ ಜಾತ್ರೆ ಇಂದಿಗೂ ಊರಿನ ಜೀವ.

ವಾಗಿನಗೇರಾದ ಗೋಡೆಯ ಮುಂದೆ ಮೊದಲು ಬಂದು ನಿಂತ ಮೊಗಲ್ ಸರದಾರರಲ್ಲಿ ಚಿನ್ ಕಿಲಿಚ್ ಖಾನ್ ಒಬ್ಬ. ಮುಂದೆ 1724ರಲ್ಲಿ ಹೈದರಾಬಾದಿನ ನಿಜಾಮಶಾಹಿಯನ್ನು ಸ್ಥಾಪಿಸಿದವನು ಅವನೇ. ಅವನು 1705ರಲ್ಲಿ ಕಂಡ ಬೇಡರ ಸಂಸ್ಥಾನ 1860ರಲ್ಲಿ ಅವನ ವಂಶದವರ ಕೈಗೇ ಹೋಯಿತು. ನಡುವಿನ ಕತೆ ಸುರಪುರದವರಿಗೆ ಬಾಯಿಪಾಠ. ಎಳೆಯ ದೊರೆ ವೆಂಕಟಪ್ಪನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆಯೇ ಟೇಲರ್ ಮಂಜಿಲ್. ದೊರೆ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ಅದೇ ದೊರೆ ಇಂಗ್ಲಿಷರ ವಿರುದ್ಧ ನಿಂತ. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾತ್ರಿ ದೊರೆ ಊರು ಬಿಟ್ಟ, ಜನರೂ ಬಿಟ್ಟರು, ಇಂಗ್ಲಿಷರಿಗೆ ಸಿಕ್ಕಿದ್ದು ಖಾಲಿ ಪಟ್ಟಣ. ವೆಂಕಟಪ್ಪನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕಿ, ಅದೇ ವರ್ಷ ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡ. ಸಂಸ್ಥಾನ ಹೋಯಿತು. ಜನ ಮಾತ್ರ ಎರಡನೇ ಸಲವೂ ಹಿಂದಿರುಗಿ ಒಲೆ ಹೊತ್ತಿಸಿದರು. ಇವತ್ತಿನ ಸುರಪುರದ ಓಣಿಗಳಲ್ಲಿ ನಡೆಯುವಾಗ ನಾವು ನೋಡುತ್ತಿರುವುದು ಅವರು ಉಳಿಸಿಕೊಂಡ ಊರನ್ನು.

ಹೋಗುವವರಿಗೆ ಒಂದೆರಡು ಮಾತು. ಬೇಸಗೆಯಲ್ಲಿ ಬೇಡ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಸಗರ, ವಾಗಿನಗೇರಾ, ಸುರಪುರ, ಇದೇ ಸರದಿಯಲ್ಲಿ ನೋಡಿ. ಬೆಟ್ಟಕ್ಕೆ ನಸುಕಿನಲ್ಲೇ ಹೊರಡಿ, ಕಾಲಿಗೆ ಗಟ್ಟಿ ಚಪ್ಪಲಿ, ಕೈಯಲ್ಲಿ ನೀರು ಇರಲಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕಲ್ಲಿಗೊಂದು ಕತೆ ಅವರ ಹತ್ತಿರ ಇರುತ್ತದೆ. ನಿಧಿಯ ಆಸೆಗೆ ಹಳೆಯ ಗೋಡೆ ಅಗೆಯುವವರು ಕಂಡರೆ ಪೊಲೀಸರಿಗೆ ತಿಳಿಸಿ. ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಗಳಿಗೆ ನನ್ನ ಬೇಡಿಕೆ ಇಷ್ಟೇ: ಈ ಮೂರು ಊರುಗಳನ್ನು, ಲಾಲ್ ಟೇಕಡಿ ಮತ್ತು ದೇವಾಪುರವನ್ನೂ ಸೇರಿಸಿ, ಒಂದೇ ನಕ್ಷೆಯಲ್ಲಿ ತೋರಿಸುವ ಕನ್ನಡದ ಫಲಕವನ್ನು ಯಾದಗಿರಿ ರೈಲು ನಿಲ್ದಾಣದ ಎದುರಿಗೇ ಹಾಕಿಸಿ.