ಜಗಲಿಯ ಮೇಲಿನ ಜಗತ್ತು

ಪ್ರಾಥಮಿಕ ಶಾಲೆಯ ಮಕ್ಕಳನ್ನು ಯಂತ್ರದ ಮೂಲಕ ಹೊರಜಗತ್ತಿಗೆ ಜೋಡಿಸುತ್ತೇವೆಂಬ ಮಾತು ನಮ್ಮಲ್ಲಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಟೀವಿ ಬಂತು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಕಡೆಗೆ. 2004ರಲ್ಲಿ ಎಜುಸ್ಯಾಟ್ ಮೇಲೇರಿದಾಗ ಪಕ್ಕದ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಪಾಠ ಆಕಾಶದಿಂದ ಇಳಿಯಿತು. ಈ ಹೆಮ್ಮೆಯೆಲ್ಲ ದೂರ ದಾಟಿದ ಹೆಮ್ಮೆ. ನಾನು ಕೇಳುವುದು ಬೇರೆ ದೂರ: ಕೇರಿಯಿಂದ ಊರ ಗುಡಿಯ ಜಗಲಿಗೆ ಎಷ್ಟು?

2020ರಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿತ್ತು. ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ತಂದು ಮಕ್ಕಳನ್ನು ಮೂರಾಗಿ ವಿಂಗಡಿಸಿತು: ಮೊಬೈಲೇ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲಿನವರು, ಸ್ಮಾರ್ಟ್‌ಫೋನಿನವರು. ಮರದಡಿ, ಸಮುದಾಯ ಭವನ, ಗುಡಿ ಜಗಲಿಗಳಲ್ಲಿ ಪಾಠ ಶುರುವಾಯಿತು. ಎಂ.ಎ. ಓದುತ್ತಿದ್ದ ನಾನು ಹಾಸ್ಟೆಲ್ ಮುಚ್ಚಿದ್ದರಿಂದ ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರಲ್ಲಿದ್ದೆ. ಊರಿನ ಐಕ್ಳು ಜಗಲಿ ಮೇಲೆ ಕೂತವು, ಕೇರಿಯವು ಕೆಳಗೆ ಹೊಂಗೆ ಮರದಡಿ. ಕೆಳಗೆ ಕೂರಿ ಎಂದು ಯಾರೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಮೇಷ್ಟ್ರು ತಮ್ಮದೇ ಫೋನು ಎತ್ತಿ ಹಿಡಿದು ಸೌರವ್ಯೂಹ ತೋರಿಸಿದರು. ಸಂಜೆ ಅಕ್ಕನ ಮಗನನ್ನು ಕೇಳಿದೆ. "ಮಾವ, ಬೆಳಕು ಕಾಣ್ತದೆ, ಚಿತ್ರ ಕಾಣಕಿಲ್ಲ" ಅಂದ.

ಮೇಷ್ಟ್ರು ಒಳ್ಳೆಯವರೇ. ಮಾರನೇ ದಿನ ಕೆಳಗಿಳಿದು ಬಂದು ತೋರಿಸಿದರು. ಊರಿನ ಐಕ್ಳು ಮಾತ್ರ ಜಗಲಿ ಬಿಟ್ಟು ಇಳಿಯಲಿಲ್ಲ. ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಹೊತ್ತೊಯ್ಯಬೇಕಿತ್ತು. ಅದನ್ನೂ, ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದ (1994) ಶಾಲೆಯ ಪ್ರಸಂಗಗಳನ್ನೂ ನಮ್ಮ ವಿಮರ್ಶೆ 'ಅವಮಾನದ ಕಥನ' ಎಂದು ಓದಿ, ಮರುಗಿ, ಬದಿಗಿಡುತ್ತದೆ. ಇವು ತರಗತಿಯ ನಕ್ಷೆಗಳೂ ಹೌದು: ಯಾರು ಎಲ್ಲಿ ಕೂತರೆ ಏನು ಕಾಣುತ್ತದೆ, ಏನು ಕಾಣದು ಎಂಬ ಲೆಕ್ಕ ಇವುಗಳಲ್ಲಿದೆ. ಆ ನಕ್ಷೆ ಹಿಡಿದು ಪರದೆಯ ಪಾಠವನ್ನೂ ಒಂದು ಪಠ್ಯವಾಗಿ ಓದಬೇಕು. ದಲಿತ ವಿಮರ್ಶೆ ಕಾದಂಬರಿ, ಕವಿತೆಗಳ ಹೊಸ್ತಿಲಲ್ಲೇ ಏಕೆ ನಿಲ್ಲಬೇಕು?

ಇನ್ನು ಈ 'ಹೊರಜಗತ್ತು' ಎಂಬ ಪದ. ಹುಣಸೂರು, ಕೆ.ಆರ್. ನಗರದ ಕಡೆಯಿಂದ ನನ್ನ ತರಗತಿಗೆ ಬರುವವರಿಗೆ ಅದು ಬೆಂಗಳೂರು. ಎಚ್.ಡಿ. ಕೋಟೆಯ ಹಾಡಿಗಳಿಗಾದರೋ ಅದು ಟೀವಿಗಿಂತ ಮೊದಲೇ ಬಂದಿತ್ತು: ಕಬಿನಿ ಅಣೆಕಟ್ಟಾಗಿ, ಆಮೇಲೆ ನಾಗರಹೊಳೆ ಕಾಡಿನಿಂದ ಎತ್ತಂಗಡಿಯಾಗಿ. ಜೇನುಕುರುಬರ ಮಗುವಿಗೆ ಪರದೆಯ ಮೇಲೆ ಹುಲಿ ತೋರಿಸುತ್ತಾರೆ. ಅದೇ ಹುಲಿಯ ಹೆಸರಲ್ಲಿ ತನ್ನಜ್ಜ ಕಾಡು ಬಿಟ್ಟ ಕಥೆಯನ್ನು ಆ ಮಗು ಹೇಳಿದರೆ ಕೇಳುವ ಕಿವಿ ಪರದೆಗಿಲ್ಲ. ಜೋಡಿಸುವುದೆಂದರೆ ಬರಿ ಒಂದು ಕಡೆಯಿಂದ ಸುರಿಯುವುದೇನು?

ಯಂತ್ರ ಬೇಡವೆನ್ನುವವನಲ್ಲ ನಾನು. ನನ್ನ ಅರ್ಧ ಓದು ಫೋನಿನಲ್ಲೇ ಆದದ್ದು.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆದವು. ಅಕ್ಕನ ಮಗ ಓಡಿಹೋಗಿ ಮುಂದಿನ ಸಾಲಲ್ಲೇ ಕೂತನಂತೆ. ಆ ಕೋಣೆಯಲ್ಲಿ ಇದ್ದದ್ದು ಕರಿಹಲಗೆಯೊಂದೇ.