ಬೆಲೆ ಹೇಳುವ ಹಕ್ಕು: ಬಿ.ಆರ್. ಶೆಣೈ ಪರಂಪರೆ ಮತ್ತು ಸಕಲೇಶಪುರದ ಕಾಫಿ

ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಲು 1955ರಲ್ಲಿ ಕೇಂದ್ರ ಸರ್ಕಾರ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ಕೂರಿಸಿತ್ತು. ಕರಡನ್ನು ರೂಪಿಸಿದ ಮಹಲನೋಬಿಸ್ ಅವರ ಲೆಕ್ಕಾಚಾರಕ್ಕೆ ಮಂಡಳಿ ತಲೆದೂಗಿತು. ಒಪ್ಪದೆ ಬೇರೆಯಾಗಿ ಭಿನ್ನಮತದ ಟಿಪ್ಪಣಿ ಬರೆದವರು ಬೆಳ್ಳಿಕೋತ್ ರಘುನಾಥ ಶೆಣೈ ಒಬ್ಬರೇ. ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಇಂದಿನ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಹತ್ತಿರದ ಬೆಳ್ಳಿಕೋತ್‌ನಲ್ಲಿ 1905ರಲ್ಲಿ ಹುಟ್ಟಿದವರು ಅವರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರಜ್ಞ ಹಯೆಕ್ ಅವರ ಮುಕ್ತ ಮಾರುಕಟ್ಟೆಯ ವಿಚಾರಗಳಿಗೆ ಒಲಿದು, ರಿಸರ್ವ್ ಬ್ಯಾಂಕಿನಲ್ಲೂ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲೂ ದುಡಿದು, ಕೊನೆಗೆ ಅಹಮದಾಬಾದಿನಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ಶಾಲೆಯನ್ನು ಕಟ್ಟಿದರು. ಭಾರತದ ಮುಕ್ತ ಮಾರುಕಟ್ಟೆಯ ಚಿಂತನೆಗೆ ಅವರಷ್ಟು ನಿಷ್ಠುರವಾದ ವಕ್ತಾರ ಇನ್ನೊಬ್ಬರಿಲ್ಲ. ಆದರೂ ಕರಾವಳಿಯ ಈ ಮಗನ ವಿಚಾರಗಳು ಕನ್ನಡದ ಚರ್ಚೆಗೆ ಬಂದದ್ದು ತೀರಾ ಕಡಿಮೆ.

ಆ ಚರ್ಚೆಯನ್ನು ಸಕಲೇಶಪುರ, ಆಲೂರುಗಳ ಬೆಟ್ಟಗಳಿಂದ ಶುರು ಮಾಡುವುದು ಸರಿ ಎನ್ನುವುದು ನನ್ನ ನಂಬಿಕೆ. ಸರ್ಕಾರವೇ ಕೊಳ್ಳುವ ಕಾಲ, ಬೆಳೆಗಾರನೇ ಮಾರುವ ಕಾಲ ಎರಡನ್ನೂ ಒಂದೇ ತಲೆಮಾರಿನಲ್ಲಿ, ಒಂದೇ ಬೆಳೆಯಲ್ಲಿ ಕಂಡ ಸೀಮೆ ಇದು. ಶೆಣೈ ಪರಂಪರೆಯ ಗಟ್ಟಿಯೂ ಜೊಳ್ಳೂ ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಶೆಣೈ ಹೇಳಿದ್ದೇನು? ಯೋಜನೆಯ ಸಾರ್ವಜನಿಕ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಅಂದರೆ ಹೊಸ ನೋಟು ಚಲಾವಣೆಗೆ ಬಿಟ್ಟು ತುಂಬಿಸುವ ಎಣಿಕೆ ಇತ್ತು. ಜನರ ಉಳಿತಾಯ ಎಷ್ಟಿದೆಯೋ ಅಷ್ಟೇ ಹೂಡಬೇಕು, ಅದನ್ನು ಮೀರಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಬರಿದಾಗುತ್ತದೆ, ಆಮೇಲೆ ಅದನ್ನು ಮುಚ್ಚಲು ನಿಯಂತ್ರಣದ ಮೇಲೆ ನಿಯಂತ್ರಣ ಹೇರಬೇಕಾಗುತ್ತದೆ ಎಂದು ಅವರು ಎಚ್ಚರಿಸಿದರು. ನಿಯಂತ್ರಣಗಳ ಕೊನೆಯ ಬಲಿ ಪ್ರಜಾಪ್ರಭುತ್ವ ಎಂಬ ಆತಂಕವೂ ಅವರಿಗಿತ್ತು. ಯೋಜನೆ ಆರಂಭವಾಗಿ ಎರಡು ವರ್ಷ ತುಂಬುವ ಮೊದಲೇ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದೇ ಬಂತು. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಬೇಕಾಯಿತು. ಶೆಣೈ ಬಂಡವಾಳಗಾರರ ವಕೀಲರಾಗಿರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಲೈಸೆನ್ಸ್, ಪರ್ಮಿಟ್‌ಗಳಿಂದ ಕೊಬ್ಬಿದ ಉದ್ಯಮಿಗಳನ್ನು ಅವರು ಅಷ್ಟೇ ಕಟುವಾಗಿ ಟೀಕಿಸಿದರು. ಹಣದುಬ್ಬರದಿಂದ ಮೊದಲು ಬಡವಾಗುವವನು ದಿನಗೂಲಿಯವನು ಎಂಬುದು ಅವರ ವಾದದ ತಿರುಳಾಗಿತ್ತು.

1959ರಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಬೇಸಾಯದ ನಿರ್ಣಯ ಮಾಡಿದಾಗ ರಾಜಾಜಿ, ಎನ್.ಜಿ. ರಂಗಾ, ಮೀನೂ ಮಸಾನಿ ಸ್ವತಂತ್ರ ಪಕ್ಷ ಕಟ್ಟಿದರು. ಅವರ ರಾಜಕಾರಣಕ್ಕೂ ಶೆಣೈ ಅವರ ಅರ್ಥಶಾಸ್ತ್ರಕ್ಕೂ ಬೇರು ಒಂದೇ. ಮುಂದೆ ಮಹಾರಾಷ್ಟ್ರದಲ್ಲಿ ಶರದ್ ಜೋಶಿ ರೈತ ಚಳವಳಿಗೆ ಅದೇ ಮಾತನ್ನು ತಂದರು. ಕರ್ನಾಟಕದಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ರೈತಸಂಘ ಗ್ಯಾಟ್ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವವನ್ನು ವಿರೋಧಿಸಿ ಬೀದಿಗಿಳಿದಾಗ ಜೋಶಿ ಆ ಪ್ರಸ್ತಾವವನ್ನೇ ಸ್ವಾಗತಿಸಿದರು. ನಮ್ಮ ರೈತ ಚಿಂತನೆ ಶೆಣೈ ಅವರಿಂದ ದೂರ ಉಳಿದದ್ದಕ್ಕೆ ಈ ಕವಲು ಒಂದು ಮುಖ್ಯ ಕಾರಣ.

ಇನ್ನು ಕಾಫಿಗೆ ಬರೋಣ. ಎರಡನೇ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿಸಿ ಬೆಳೆಗಾರರು ಕಂಗೆಟ್ಟಿದ್ದಾಗ 1942ರ ಕಾಫಿ ಕಾಯ್ದೆ ಬಂತು. ಅದು ಆ ಹೊತ್ತಿಗೆ ಆಸರೆಯೇ ಆಗಿತ್ತು. ಆದರೆ ಯುದ್ಧ ಮುಗಿದ ಮೇಲೂ ಪೂಲ್ ವ್ಯವಸ್ಥೆ ಅರ್ಧ ಶತಮಾನ ಉಳಿಯಿತು. ಮನೆ ಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಹಣ್ಣು ಕೊಯ್ದು, ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕ್ಯೂರಿಂಗ್ ವರ್ಕ್ಸ್ ಸೇರುತ್ತಿತ್ತು. ಬೆಳೆಗಾರನ ಕೈಗೆ ಬರುತ್ತಿದ್ದುದು ರಸೀದಿ ಮತ್ತು ಮುಂಗಡ. ಉಳಿದ ಹಣ ಕಂತುಕಂತಾಗಿ, ಎಷ್ಟೋ ಸಲ ಮುಂದಿನ ಕೊಯ್ಲು ಮುಗಿದ ಮೇಲೂ ಬರುತ್ತಿತ್ತು. ಎಸ್ಟೇಟಿನವರಿಗೆ ಬ್ಯಾಂಕಿತ್ತು, ಮೂರು ಎಕರೆಯವನು ಆ ನಡುವಿನ ತಿಂಗಳುಗಳನ್ನು ಸಾಲದಲ್ಲೇ ದಾಟಬೇಕಿತ್ತು.

ಅದೇ ತೋಟದಲ್ಲಿ ಇನ್ನೊಂದು ಬೆಳೆಯೂ ಇತ್ತು. ನೆರಳಿಗೆ ಬಿಟ್ಟ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಪೂಲ್ ಇರಲಿಲ್ಲ. ಮೆಣಸನ್ನು ಯಾರಿಗೆ ಬೇಕಾದರೂ, ಯಾವತ್ತು ಬೇಕಾದರೂ ಮಾರಬಹುದಿತ್ತು. ಮಗಳ ಮದುವೆಗೆ, ಮಗನ ಫೀಸಿಗೆ ಮೆಣಸಿನ ಮೂಟೆ ಕೈಗೆ ಬರುತ್ತಿತ್ತು. ಮರದ ಬುಡದ ಕಾಫಿ ಮಾತ್ರ ಬೆಳೆದವನ ಮಾತು ಕೇಳುತ್ತಿರಲಿಲ್ಲ. ತನ್ನ ಬೆಳೆಗೆ ತಾನೇ ಬೆಲೆ ಹೇಳುವುದು ಆಸ್ತಿಯ ಹಕ್ಕಿನ ಭಾಗ ಎಂಬ ಶೆಣೈ ಅವರ ನಿಲುವಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಕುಸಿಯಿತು, 1991ರಲ್ಲಿ ಸೋವಿಯತ್ ಒಕ್ಕೂಟವೂ ಅದರ ಜೊತೆಗಿನ ರೂಪಾಯಿ ವ್ಯಾಪಾರವೂ ಮುಗಿದವು. ಬೆಳೆಗಾರರ ಒತ್ತಾಯದಿಂದ 1992ರಿಂದ ಹಂತಹಂತವಾಗಿ ಸಡಿಲಗೊಂಡ ಪೂಲ್ 1996ರಲ್ಲಿ ಪೂರ್ತಿ ತೆರವಾಯಿತು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಜಗತ್ತಿನ ಬೆಲೆ ಗಗನಕ್ಕೇರಿದಾಗ ಆ ಏರಿಕೆ ಮೊದಲ ಬಾರಿಗೆ ನೇರವಾಗಿ ಮಲೆನಾಡಿನ ಮನೆಗಳಿಗೆ ಬಂತು. ಶೆಣೈ ತೀರಿಕೊಂಡದ್ದು 1978ರಲ್ಲಿ. ತಮ್ಮ ವಾದ ಗೆದ್ದದ್ದನ್ನು ಅವರು ನೋಡಲಿಲ್ಲ.

ಆದರೆ ಒಂದು ಪರಂಪರೆಯನ್ನು ಅದು ಗೆದ್ದ ವರ್ಷಗಳಿಂದ ಮಾತ್ರ ಅಳೆಯಬಾರದು. ವಿಯೆಟ್ನಾಂ ರೊಬಸ್ಟಾ ಮಾರುಕಟ್ಟೆಗೆ ನುಗ್ಗಿತು. 2001ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ಒಳ್ಳೆಯ ಕಾಲದಲ್ಲಿ ಸಾಲ ಮಾಡಿ ತೋಟ ವಿಸ್ತರಿಸಿದವರು ಮುಳುಗಿದರು. ಬೆಲೆ ಹೇಳುವ ಹಕ್ಕಿದ್ದರೆ ಸಾಕೆ, ಬಿದ್ದ ಬೆಲೆಯನ್ನು ತಾಳಿಕೊಳ್ಳುವ ಶಕ್ತಿ ಬೇಡವೆ? ಶೆಣೈ ಪರಂಪರೆ ಮೊದಲನೆಯದರ ಬಗ್ಗೆ ಬರೆದಷ್ಟನ್ನು ಎರಡನೆಯದರ ಬಗ್ಗೆ ಬರೆಯಲಿಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರ್ ಒಳಗಿನವು ಎಂಬುದನ್ನು ನೆನೆದರೆ ಈ ಮೌನ ಸಣ್ಣದಲ್ಲ.

ವ್ಯಾಪಾರದ ಕಟ್ಟೆಯಲ್ಲಿ ನಿಂತು ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ರೊಬಸ್ಟಾ ಚೆರ್ರಿಗೆ ಬೆಲೆ ಕಟ್ಟುವುದು ಔಟ್‌ಟರ್ನ್ ಲೆಕ್ಕದಲ್ಲಿ: 50 ಕೆಜಿ ಮೂಟೆಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಬೀಳುತ್ತದೆ ಎಂಬುದು. ಔಟ್‌ಟರ್ನ್ 26 ಎಂದರೆ ಒಂದು ಮೊತ್ತ, 28 ಎಂದರೆ ಇನ್ನೊಂದು. ಅದರ ಮೇಲೆ ತೇವಾಂಶದ ಕಡಿತ. ಬೆಳೆಗಾರನ ಫೋನಿನಲ್ಲಿ ಲಂಡನ್ ಬೆಲೆ ಕ್ಷಣಕ್ಷಣಕ್ಕೂ ಕಾಣುತ್ತದೆ, ನಿಜ. ಆದರೆ ಸ್ಯಾಂಪಲ್ ಸುಲಿದು ತೂಗುವವನು, ಮಾಯಿಶ್ಚರ್ ಮೀಟರ್ ಹಿಡಿದವನು ಕೊಳ್ಳುವವನೇ. ದೊಡ್ಡ ತೋಟದವರು ತಮ್ಮದೇ ಮೀಟರ್ ಇಟ್ಟುಕೊಂಡು ಚೌಕಾಸಿ ಮಾಡುತ್ತಾರೆ. ಹತ್ತು ಮೂಟೆ ತಂದವನು ಹೇಳಿದ್ದನ್ನು ಒಪ್ಪಿ ಹೋಗುತ್ತಾನೆ. ಮಾರುಕಟ್ಟೆ ಮುಕ್ತವಾಗಬೇಕಾದರೆ ಅಳತೆಯೂ ಎರಡೂ ಕಡೆಯವರದಾಗಿರಬೇಕು.

ಬೆಲೆಯೇ ಇಲ್ಲದ ಸಂಗತಿಗಳ ಎದುರು ಈ ಚಿಂತನೆ ಇನ್ನೂ ಬಡವಾಗುತ್ತದೆ. ಅರೇಬಿಕಾಕ್ಕೆ ಕಾಂಡಕೊರಕ ಬಿದ್ದರೆ, ಎಲೆತುಕ್ಕು ಬಂದರೆ ಪರಿಹಾರ ಹುಡುಕುವುದು ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ. 1925ರಲ್ಲಿ ಆರಂಭವಾದ ಆ ಕೆಲಸವನ್ನು ಯಾವ ವ್ಯಾಪಾರಿಯೂ ಮಾಡುತ್ತಿರಲಿಲ್ಲ, ಏಕೆಂದರೆ ಒಳ್ಳೆಯ ತಳಿಯ ಲಾಭ ಬೇಲಿ ದಾಟಿ ಎಲ್ಲರಿಗೂ ಹೋಗುತ್ತದೆ. ಆನೆಗಳ ವಿಷಯವೂ ಹಾಗೆಯೇ. ಆಲೂರು, ಸಕಲೇಶಪುರಗಳಲ್ಲಿ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ನಿಂತಿಲ್ಲ. ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವ ಕೂಲಿಯವರ ಜೀವಭಯಕ್ಕೆ ಯಾವ ಮಾರುಕಟ್ಟೆಯಲ್ಲೂ ದರವಿಲ್ಲ. ಇಲ್ಲಿ ಸರ್ಕಾರ ಬೇಕು, ಅದೂ ಸಮರ್ಥವಾದ ಸರ್ಕಾರ ಬೇಕು.

ಬೆಳೆಗಾರರ ನಡೆಯನ್ನೂ ಇದೇ ಅಳತೆಯಲ್ಲಿ ನೋಡಬೇಕು. ಕಾಫಿಗೆ ಮುಕ್ತ ಮಾರುಕಟ್ಟೆ ಕೇಳಿ ಪಡೆದ ಸಮುದಾಯವೇ ಮೆಣಸಿನ ಬೆಲೆ ಕುಸಿದಾಗ ಆಮದು ತಡೆಯಲು ಒತ್ತಾಯಿಸಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ನಿಗದಿ ಮಾಡಿತು. ಶೆಣೈ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಅಮೆರಿಕದ ಪಿಎಲ್ 480 ಗೋಧಿಯ ಬಗ್ಗೆ ಅವರು 1974ರಲ್ಲಿ ಒಂದು ಪುಸ್ತಕವನ್ನೇ ಬರೆದು ಆ ನೆರವನ್ನು ವಿರೋಧಿಸಿದರು, ಹೌದು. ಆದರೆ ಆ ವಿರೋಧ ಸರ್ಕಾರಗಳು ಸೇರಿ ಬೆಲೆ ತಿರುಚುವುದಕ್ಕೆ, ವ್ಯಾಪಾರಕ್ಕಲ್ಲ. ಬೆಲೆ ಏರಿದಾಗ ಸ್ವಾತಂತ್ರ್ಯ, ಇಳಿದಾಗ ರಕ್ಷಣೆ ಎಂಬ ನಿಲುವಿಗೆ ಅವರ ಹೆಸರು ಬಳಸುವ ಹಾಗಿಲ್ಲ. ಏರಿದ ಬೆಲೆಯಲ್ಲಿ ತೋಟದ ಲೈನ್ ಮನೆಗಳ ಕೂಲಿಯವರಿಗೆ ಎಷ್ಟು ಪಾಲು ಸಿಕ್ಕಿತು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಮಿತಿಗಿಂತ ಕೆಳಗಿನ ತೋಟಗಳನ್ನು ಮುಟ್ಟಲೇ ಇಲ್ಲ. ಸಣ್ಣ ತೋಟಗಳ ಕೂಲಿಯವರಿಗೆ ಪೂಲ್ ಇದ್ದಾಗಲೂ ಆಸರೆ ಇರಲಿಲ್ಲ, ಹೋದ ಮೇಲೂ ಬರಲಿಲ್ಲ.

ಹಾಗಾದರೆ ತೀರ್ಪೇನು? ಹಣದ ಮೌಲ್ಯ ಕಾಯುವುದು ಬಡವನಿಗೆ ಸರ್ಕಾರ ಮಾಡಬಹುದಾದ ಮೊದಲ ಉಪಕಾರ ಎಂಬುದರಲ್ಲಿ, ಬೆಳೆದವನ ಕೈಯಿಂದ ಬೆಲೆಯನ್ನು ಕಿತ್ತುಕೊಳ್ಳಬಾರದು ಎಂಬುದರಲ್ಲಿ ಶೆಣೈ ಸರಿ. ಕಾಫಿ ಪೂಲ್ ತೆರವಾದದ್ದು ಸರಿ, ಅದು ಮರಳಬಾರದು. ಮಾರುಕಟ್ಟೆ ತನ್ನಿಂದ ತಾನೇ ನ್ಯಾಯದ ಅಳತೆ, ಸಂಶೋಧನೆ, ಸುರಕ್ಷತೆಗಳನ್ನು ತರುತ್ತದೆ ಎಂದು ಅವರ ಹಿಂಬಾಲಕರು ಭಾವಿಸಿದ್ದು ತಪ್ಪು. ಮಲೆನಾಡಿನ ಬೆಳೆಗಾರ ಸಂಘಟನೆಗಳು ಸಾಲ ಮನ್ನಾ ಕೇಳುವ ಮೊದಲು ಪ್ರತಿ ಹೋಬಳಿಗೊಂದು ಸಾರ್ವಜನಿಕ ಔಟ್‌ಟರ್ನ್ ಮತ್ತು ತೇವಾಂಶ ಪರೀಕ್ಷಾ ಕೇಂದ್ರ ಕೇಳಲಿ, ಬಾಳೆಹೊನ್ನೂರಿಗೆ ಹಣ ಕೇಳಲಿ, ಒಳ್ಳೆಯ ಬೆಲೆ ಇರುವ ವರ್ಷಗಳಲ್ಲೇ ಕೂಲಿಯವರ ಪಾಲನ್ನೂ ನಿಗದಿ ಮಾಡಲಿ. ಶೆಣೈ ಅವರನ್ನು ಓದಬೇಕು, ಒಪ್ಪಿಕೊಳ್ಳಲು ಮಾತ್ರವಲ್ಲ, ಅವರು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಯೋಚಿಸಲು.